ವಾನ್ ಡರ್ ವಾಲ್ಸ್

ವಾನ್ ಡರ್ ವಾಲ್ಸ್ ಎಂಬುದು ನನಗೆ ಬಹುಕಾಲ ಒಂದು ಸಮೀಕರಣದ ಹೆಸರಾಗಿಯೇ ಉಳಿದಿತ್ತು. ಪರೀಕ್ಷೆಗೆಂದು ಅದನ್ನು ಉರುಹಚ್ಚಿದ್ದೆನೇ ಹೊರತು, ಅದರ ಹಿಂದೆ ಒಬ್ಬ ಶಾಲಾಮೇಷ್ಟರ ಬಾಳುವೆ ಇದೆಯೆಂದು ತಿಳಿದಿರಲಿಲ್ಲ.

ಈತನು 1837ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಹುಟ್ಟಿದನು. ತಂದೆ ಬಡಗಿ, ಹತ್ತು ಮಕ್ಕಳಲ್ಲಿ ಇವನೇ ಹಿರಿಯ. ಉಪಾಧ್ಯಾಯನಾಗಿ ದುಡಿಯುತ್ತಲೇ ಬಿಡುವಿನ ವೇಳೆಯಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ಪಾಠಗಳನ್ನು ಕೇಳಿದನು. ಆದರೆ ಪರೀಕ್ಷೆಗೆ ಕೂಡುವಂತಿರಲಿಲ್ಲ. ಗ್ರೀಕ್, ಲ್ಯಾಟಿನ್ ಕಲಿಯದವನಿಗೆ ಅಲ್ಲಿ ಪದವಿಯ ಬಾಗಿಲು ಮುಚ್ಚಿತ್ತು. ಅನಿಲಕ್ಕೂ ಲ್ಯಾಟಿನ್ ವ್ಯಾಕರಣಕ್ಕೂ ಏನು ನಂಟೋ ನಾನರಿಯೆ! ಮುಂದೆ ಕಾನೂನು ಬದಲಾಗಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಆ ನಿರ್ಬಂಧ ತಪ್ಪಿತು. ಹೇಗ್ ನಗರದಲ್ಲಿ ಪಾಠ ಹೇಳುತ್ತಿದ್ದ ಈ ಮೇಷ್ಟರು 1873ರಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸಿದನು.

ಅನಿಲವೂ ದ್ರವವೂ ಬೇರೆ ಬೇರೆ ಜಾತಿಯಲ್ಲ, ಒಂದರಿಂದ ಇನ್ನೊಂದಕ್ಕೆ ಎಡೆಬಿಡದ ದಾರಿಯುಂಟು ಎಂಬುದು ಅದರ ತಿರುಳು. ಆದರ್ಶ ಅನಿಲದ ಸೂತ್ರದಲ್ಲಿ ಅಣುಗಳಿಗೆ ಗಾತ್ರವೂ ಇಲ್ಲ, ಪರಸ್ಪರ ಸೆಳೆತವೂ ಇಲ್ಲ. ಇವನು ಎರಡನ್ನೂ ಲೆಕ್ಕಕ್ಕೆ ತಂದನು. ಅದರಿಂದೇನಾಯಿತೆಂದು ತಿಳಿಯಲು ನಾನೇ ಒಂದು ಲೆಕ್ಕ ಮಾಡಿ ನೋಡಿದೆ. 44 ಗ್ರಾಂ ಇಂಗಾಲದ ಡೈ ಆಕ್ಸೈಡನ್ನು 27 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರ್ ಪಾತ್ರೆಯಲ್ಲಿ ತುಂಬಿದರೆ, ಹಳೆಯ ಸೂತ್ರದಂತೆ ಒತ್ತಡ 24.6 ಅಟ್ಮಾಸ್ಫಿಯರ್ ಆಗಬೇಕು. ಅಣುಗಳು ತಡೆದ ಜಾಗವೆಂದು ಲೀಟರಿನಲ್ಲಿ ಸುಮಾರು 43 ಮಿಲಿಲೀಟರ್ ಕಳೆದೆ, ಒತ್ತಡ 25.7ಕ್ಕೆ ಏರಿತು. ಮತ್ತೆ, ಗೋಡೆಗೆ ಬಡಿಯಹೋಗುವ ಅಣುವನ್ನು ಉಳಿದವು ಹಿಂದಕ್ಕೆ ಎಳೆಯುತ್ತವಲ್ಲ, ಅದಕ್ಕಾಗಿ 3.6 ಕಳೆದೆ. ನಿಂತದ್ದು 22.1. ನಿಜವಾದ ಅನಿಲವೂ ಇದರ ಹತ್ತಿರಕ್ಕೇ ಬರುತ್ತದೆ. ತೀರ ಕರಾರುವಾಕ್ಕಲ್ಲ, ಒತ್ತಡ ಹೆಚ್ಚಿದಷ್ಟೂ ಈ ಸಮೀಕರಣವೂ ತಪ್ಪುತ್ತದೆ. ಆದರೂ ತಪ್ಪಿನ ಕಾರಣವನ್ನು ಹೇಳಿ ತಿದ್ದಿದ ಸೂತ್ರವಿದು.

1877ರಲ್ಲಿ ಆಂಸ್ಟರ್‌ಡಾಮಿನಲ್ಲಿ ಪ್ರಾಧ್ಯಾಪಕನಾದನು. 1880ರಲ್ಲಿ, ಪ್ರತಿ ಅನಿಲವನ್ನೂ ಅದರದೇ ಸಂಧಿಸ್ಥಿತಿಯ ಅಳತೆಗೋಲಿನಿಂದ ಅಳೆದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ನಡೆಯುತ್ತವೆಂದು ತೋರಿಸಿದನು. ಮರುವರ್ಷವೇ ಪತ್ನಿ ಆನ್ನಾ ಕ್ಷಯರೋಗದಿಂದ ತೀರಿಕೊಂಡಳು. ಆಕೆಗಿನ್ನೂ ಮೂವತ್ತನಾಲ್ಕು, ಮನೆಯಲ್ಲಿ ನಾಲ್ಕು ಮಕ್ಕಳು. ಅವನು ಮರುಮದುವೆಯಾಗಲಿಲ್ಲ. ಸುಮಾರು ಹತ್ತು ವರ್ಷ ಏನನ್ನೂ ಪ್ರಕಟಿಸಲಿಲ್ಲ. ಪುಸ್ತಕಗಳು ಈ ಹತ್ತು ವರ್ಷಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ; ನನಗೆ ಹಾಗೆ ದಾಟಲಾಗಲಿಲ್ಲ.

1890ರ ಹೊತ್ತಿಗೆ ಮತ್ತೆ ಲೇಖನಿ ಹಿಡಿದು, ಎರಡು ವಸ್ತುಗಳ ಮಿಶ್ರಣಕ್ಕೂ ತನ್ನ ಸಿದ್ಧಾಂತವನ್ನು ವಿಸ್ತರಿಸಿದನು. 1910ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು; 1923ರಲ್ಲಿ ಆಂಸ್ಟರ್‌ಡಾಮಿನಲ್ಲಿ ಕಾಲವಾದನು. ಆದರೆ ಅವನಿಗೆ ಹೆಚ್ಚಿನ ಸಂತೋಷವಾಗಿರಬೇಕಾದದ್ದು 1908ರ ಜುಲೈ 10ರಂದು ಎಂದು ನನ್ನೆಣಿಕೆ. ಅವನ ನಿಯಮವನ್ನೇ ಕೈದೀಪವಾಗಿ ಹಿಡಿದು ಹೊರಟ ಕಾಮರ್ಲಿಂಗ್ ಓನೆಸ್ ಅಂದು, ಸೊನ್ನೆಗಿಂತ 269 ಡಿಗ್ರಿ ಕೆಳಗೆ, ಹೀಲಿಯಂ ಅನಿಲವನ್ನು ದ್ರವವಾಗಿಸಿದನು, ಅದೂ ಲೈಡನ್ನಿನಲ್ಲಿಯೇ.