ಎಲ್ಲ ಹಠಾತ್ ಸಾವೂ ಹೃದಯಾಘಾತವೇ? ವಿರ್ಕೋ ಕಂಡುಕೊಂಡ ಇನ್ನೊಂದು ಕಾರಣ
2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಫಾರ್ವರ್ಡ್‌ಗಳಲ್ಲಿ ಹರಿದಾಡಿದ್ದು ಹೃದಯಾಘಾತದ ಮಾತೇ. ಆದರೆ ಶ್ವಾಸಕೋಶದ ರಕ್ತನಾಳ ಕಟ್ಟಿಕೊಂಡರೂ ಜೀವ ಹೋಗಬಹುದು. ಇದರ ಗುಟ್ಟು ಬಿಡಿಸಿದವರು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ (1821–1902). ಆ ಹೆಪ್ಪು ಶ್ವಾಸಕೋಶದಲ್ಲೇ ಹುಟ್ಟುತ್ತದೆ ಎಂದು ಹಲವರು ನಂಬಿದ್ದ ಕಾಲ ಅದು. ಬರ್ಲಿನ್‌ನ ಶರಿಟೇ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ, ಇನ್ನೂ ಮೂವತ್ತು ತುಂಬದ ವಿರ್ಕೋ ನಾಯಿಗಳ ರಕ್ತನಾಳಕ್ಕೆ ರಬ್ಬರ್ ಚೂರು ಬಿಟ್ಟರು. ಅವು ಶ್ವಾಸಕೋಶದಲ್ಲಿ ಸಿಕ್ಕವು. ಹೆಪ್ಪೂ ಹಾಗೇ, ಹೆಚ್ಚಾಗಿ ಕಾಲಿನಿಂದ ಹೊರಟು ಬರುತ್ತದೆ.

1848ರ ಕ್ರಾಂತಿಯಲ್ಲಿ ಸೇರಿದ್ದಕ್ಕೆ ಬರ್ಲಿನ್ ಬಿಡಬೇಕಾಯಿತು, 1856ರಲ್ಲಿ ಮರಳಿದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸಿಕ್ಕಿದ್ದು ಅವರು ತೀರಿಕೊಂಡ ಮೇಲೆ. ಆಪರೇಷನ್ ಆದವರಿಗೆ, ಹಾಸಿಗೆ ಹಿಡಿದವರಿಗೆ ಒಂದೇ ಕಾಲು ಊದಿಕೊಂಡರೆ ಅಥವಾ ದಿಢೀರ್ ಏದುಸಿರು ಬಂದರೆ ಗ್ಯಾಸ್ಟ್ರಿಕ್ ಎಂದು ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಸಿಟಿ ಸ್ಕ್ಯಾನ್‌ನಲ್ಲಿ ಹೆಪ್ಪು ಪತ್ತೆಯಾಗುತ್ತದೆ.