ಮಹಾದಾಸೋಹಿ ಶರಣಬಸವೇಶ್ವರರು

ಭೀಮಾ, ಕಾಗಿಣಾ, ಮಾಂಜ್ರಾ ನದಿಗಳ ನೀರುಂಡ ನಮ್ಮ ಸೀಮೆ ಶರಣರ ಸೀಮೆ. ಇಂದು ಜಹೀರಾಬಾದ್ ಮತ್ತು ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಮೊದಲಿನ ಎರಡು ಬೀದರ್ ಜಿಲ್ಲೆಗೂ ತಾಂಡೂರು ಕಲಬುರಗಿ ಜಿಲ್ಲೆಗೂ ಸೇರಿದ್ದವು. ರಾಜ್ಯದ ಗಡಿಗೆರೆ ಬದಲಾಯಿತು. ಆದರೆ ಹೋಳಿ ಹಬ್ಬ ಕಳೆದ ಮೇಲೆ ಕಲಬುರಗಿಯ ಅಪ್ಪನ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಹೋಗುವ ನಮ್ಮ ಹಿರಿಯರ ರೂಢಿ ಬದಲಾಗಲಿಲ್ಲ. ಆ ಅಪ್ಪನೇ ಮಹಾದಾಸೋಹಿ ಶರಣಬಸವೇಶ್ವರರು. ಅವರ ಜೀವನವನ್ನು ಇಲ್ಲಿ ಸ್ಮರಿಸಲು ನಮಗೆ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇವೆ.

ಶರಣಬಸವೇಶ್ವರರು 1746ರಲ್ಲಿ ಕಲಬುರಗಿ ಜಿಲ್ಲೆಯ ಅರಳಗುಂಡಗಿ ಎಂಬ ಗ್ರಾಮದಲ್ಲಿ ಒಕ್ಕಲುತನದ ಮನೆಯಲ್ಲಿ ಜನಿಸಿದರು. ಆಗ ಈ ಪ್ರದೇಶವು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಸವಣ್ಣನವರು ಸಾರಿದ ಕಾಯಕ ಮತ್ತು ದಾಸೋಹದ ಮಾರ್ಗವೇ ಇವರ ಮಾರ್ಗವಾಯಿತು. ಇವರು ನೇಗಿಲು ಹಿಡಿದು ದುಡಿದರು. ದುಡಿದುದನ್ನು ಹಸಿದವರಿಗೆ ಬಡಿಸಿದರು.

ಇವರ ಹೊಲದ ಬಗ್ಗೆ ಒಂದು ಐತಿಹ್ಯ ನಮ್ಮ ಮನೆಮನೆಗಳಲ್ಲಿ ಕೇಳಿಬರುತ್ತದೆ. ಜೋಳದ ತೆನೆ ಹಾಲುಗಾಳಾದಾಗ ಹಕ್ಕಿಗಳ ಹಿಂಡು ಬಂದೆರಗುವುದು ಒಕ್ಕಲಿಗರಿಗೆಲ್ಲ ಗೊತ್ತು. ಅಕ್ಕಪಕ್ಕದವರು ಅಟ್ಟಣೆ ಹತ್ತಿ ಕವಣೆ ಬೀಸಿ ಹಕ್ಕಿಗಳನ್ನು ಓಡಿಸುತ್ತಿದ್ದರು. ಶರಣರು ಮಾತ್ರ ಅವುಗಳನ್ನು ಓಡಿಸಲಿಲ್ಲ. ತಿಂದ ಮೇಲೆ ಕುಡಿಯಲೆಂದು ನೀರನ್ನೂ ಇರಿಸಿದರು. ನೋಡಿದವರು ನಕ್ಕರು. ಆದರೂ ಸುಗ್ಗಿಯಲ್ಲಿ ಅವರ ಕಣದಲ್ಲಿ ರಾಶಿಗೆ ಕೊರತೆಯಾಗಲಿಲ್ಲವೆಂದು ಭಕ್ತರು ಹೇಳುತ್ತಾರೆ. ಇದನ್ನು ಪವಾಡವೆಂದು ನಂಬುವವರು ನಂಬಲಿ. ಹಸಿವೆ ಇದ್ದವನಿಗೆ ಹಸಿವೆ ಇದ್ದಾಗಲೇ ಕೊಡಬೇಕು, ಕಾಳು ಒಣಗಿ ಕಣಜ ತುಂಬಿದ ಮೇಲಲ್ಲ ಎಂಬ ಪಾಠ ಅದರಲ್ಲಿದೆ ಎಂದು ನಮಗೆ ತೋರುತ್ತದೆ.

ಅವರ ಕಾಲ ಸುಭಿಕ್ಷದ ಕಾಲವಾಗಿರಲಿಲ್ಲ. 1791-92ರಲ್ಲಿ ಹೈದರಾಬಾದ್ ಸಂಸ್ಥಾನವನ್ನೂ ನೆರೆಯ ಸೀಮೆಗಳನ್ನೂ ಭೀಕರ ಕ್ಷಾಮ ಆವರಿಸಿತು. ಸತ್ತವರನ್ನು ಹೂಳುವವರಿಲ್ಲದೆ ದಾರಿಯಲ್ಲಿ ತಲೆಬುರುಡೆಗಳು ಬಿದ್ದಿದ್ದರಿಂದ ಅದಕ್ಕೆ ಡೋಗಿ ಬರವೆಂದು ಹೆಸರಾಯಿತು. ಆಗ ಶರಣರಿಗೆ ಸುಮಾರು 45 ವರ್ಷ ವಯಸ್ಸು. ಅಂತಹ ದಿನಗಳನ್ನು ಕಂಡ ಪೀಳಿಗೆಗೆ ಒಂದು ತುತ್ತು ಅನ್ನದ ಬೆಲೆ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದೆ ಶರಣರು ಹುಟ್ಟೂರು ಬಿಟ್ಟು ಕಲಬುರಗಿಗೆ ಬಂದು ನೆಲೆಸಿದರು. ಅಲ್ಲಿ ಅವರ ದಾಸೋಹ ಬೆಳೆಯಿತು. ಜಾತಿ, ಮತ, ಅಂತಸ್ತು ಕೇಳದೆ ಬಂದವರಿಗೆಲ್ಲ ಅನ್ನ ನೀಡಿದರು. 1822ರಲ್ಲಿ ಅವರು ಲಿಂಗೈಕ್ಯರಾದರು. ಅವರ ಸಮಾಧಿಯ ಮೇಲೆ ಕಟ್ಟಿದ ಗುಡಿಯೂ ಅದರ ಸಮೀಪದ ಕೆರೆಯೂ ಇಂದು ಕಲಬುರಗಿಯ ಹೆಗ್ಗುರುತುಗಳು. ಆ ಸಂಸ್ಥಾನದ ಏಳನೆಯ ಪೀಠಾಧಿಪತಿಗಳಾದ ದೊಡ್ಡಪ್ಪ ಅಪ್ಪನವರು 1930ರ ದಶಕದಲ್ಲಿ, ಉರ್ದು ಆಡಳಿತ ಭಾಷೆಯಾಗಿದ್ದ ಕಾಲದಲ್ಲಿ, ವಿದ್ಯಾಸಂಸ್ಥೆಯನ್ನು ಆರಂಭಿಸಿ ಅನ್ನದಾಸೋಹದ ಜೊತೆಗೆ ಅಕ್ಷರದಾಸೋಹವನ್ನೂ ನಡೆಸಿದರು. ಕನ್ನಡದಲ್ಲಿ ಓದುತ್ತಿರುವ ನಾವು ಇದನ್ನು ಮರೆಯುವಂತಿಲ್ಲ.

ಇನ್ನು ನಮ್ಮ ಕಾರಣಕ್ಕೆ ಬರುತ್ತೇವೆ. ಕಳೆದ ಬೇಸಿಗೆಯಲ್ಲಿ ನಮ್ಮ ಪರಿಚಯದವರ ಮದುವೆಯೊಂದರಲ್ಲಿ ಅನ್ನ, ಸಾರು, ಪಲ್ಯ, ಮಜ್ಜಿಗೆ ಬಹಳ ಉಳಿಯಿತು. ಚೆಲ್ಲಬಾರದೆಂದು ಮರುದಿನ ಮಧ್ಯಾಹ್ನ ನಾವು ಕೆಲವರು ಅದನ್ನು ಊರ ಹೊರಗಿನ ಕೂಲಿಕಾರರ ಗುಡಿಸಲುಗಳಿಗೆ ಹೊತ್ತೊಯ್ದೆವು. ದೊಡ್ಡ ದಾನ ಮಾಡುತ್ತಿದ್ದೇವೆಂಬ ಹೆಮ್ಮೆ ನಮಗಿತ್ತು. ಒಬ್ಬ ಅಜ್ಜಿ ಪಾತ್ರೆಯ ಮುಚ್ಚಳ ತೆಗೆದರು, ವಾಸನೆ ನೋಡಿದರು, ಏನೂ ಅನ್ನದೆ ಮುಚ್ಚಿದರು. ಅನ್ನ ಹಳಸಿತ್ತು. ಆ ಅಜ್ಜಿ ಬೈದಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕಾಳುಕಡಿ ಕಾಯುತ್ತದೆ. ನಮ್ಮ ಹಿರಿಯರು ನೆಲದೊಳಗಿನ ಹಗೇವುಗಳಲ್ಲಿ ಜೋಳವನ್ನು ವರ್ಷಗಟ್ಟಲೆ ಇಡುತ್ತಿದ್ದರು. ಖಡಕ್ ರೊಟ್ಟಿಯೂ ದಿನಗಟ್ಟಲೆ ಕೆಡದು. ಜಹೀರಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಜೋಳ ಕೂಡಿಸಿಟ್ಟು, ಸುಗ್ಗಿ ದೂರವಿರುವ ಕಷ್ಟದ ತಿಂಗಳುಗಳಲ್ಲಿ ಬಡವರಿಗೆ ಹಂಚಿದವು. ಆದರೆ ಹಾಲು, ಮಜ್ಜಿಗೆ, ಪುಂಡಿ ಪಲ್ಯ, ಬೇಯಿಸಿದ ಅನ್ನ ಕಾಯುವುದಿಲ್ಲ. ಬೇಯಿಸಿದ ಆಹಾರವನ್ನು ತಂಪಿನಲ್ಲಿಡದೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ರೋಗಾಣುಗಳು ಇನ್ನೂ ಬೇಗ ಬೆಳೆಯುತ್ತವೆ.

ಉಳಿದ ಆಹಾರವನ್ನು ಕೂಡಿಸಿ ಹಸಿದವರಿಗೆ ಮುಟ್ಟಿಸುವ ಆಹಾರ ಬ್ಯಾಂಕು ಅಮೆರಿಕದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಆರಂಭವಾಯಿತು. ಈಗ ಅಂತಹವು ಅನೇಕ ದೇಶಗಳಲ್ಲಿವೆ. ಆದರೂ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದು ವಿಶ್ವಸಂಸ್ಥೆಯ ವರದಿ ತಿಳಿಸಿದೆ. ತಾಜಾ ಪದಾರ್ಥಗಳನ್ನು ಹಂಚುವ ಕೆಲಸದಲ್ಲಿ ಉಗ್ರಾಣಕ್ಕಿಂತ ವೇಳೆ ಮುಖ್ಯ. ಶೀತಪೆಟ್ಟಿಗೆ ಬೇಕು, ಗಾಡಿ ಬೇಕು; ಎಲ್ಲಕ್ಕಿಂತ ಮೊದಲು, ಯಾರ ಮನೆಯಲ್ಲಿ ಇಂದು ಒಲೆ ಹೊತ್ತಿಲ್ಲವೆಂಬುದು ತಿಳಿದಿರಬೇಕು.

ಶರಣರ ದಾಸೋಹಕ್ಕೂ ನಮ್ಮ ಅಂದಿನ ದಾನಕ್ಕೂ ಇದ್ದ ಅಂತರ ನಮಗೆ ಆಗ ಹೊಳೆಯಿತು. ದಾಸೋಹವೆಂದರೆ ನಾನು ದಾಸನೆಂಬ ಭಾವ. ದಾಸನು ಒಡೆಯನಿಗೆ ಹಳಸಿದ್ದನ್ನು ಬಡಿಸುವನೇ? ನಾವು ಮೊದಲು ಉಂಡೆವು, ಮಲಗಿದೆವು, ಬೇಡವಾದುದನ್ನು ಮರುದಿನ ಕೊಟ್ಟೆವು. ಶರಣರು ಬರುವವರಿಗಾಗಿಯೇ ಅಡುಗೆ ಮಾಡಿಸಿ ಬಿಸಿಯಿರುವಾಗಲೇ ನೀಡಿದರು.

ಈ ವರ್ಷ ಊರಿನ ಇನ್ನೊಂದು ಮದುವೆಯಲ್ಲಿ ನಾವು ಹಿರಿಯರಿಗೆ ಮೊದಲೇ ವಿನಂತಿ ಮಾಡಿಕೊಂಡೆವು. ಕೊನೆಯ ಪಂಕ್ತಿ ಏಳುವ ಮೊದಲೇ, ಬಡಿಸದೆ ಉಳಿದ ಅಡುಗೆಯನ್ನು ಶುಚಿಯಾದ ಪಾತ್ರೆಗಳಲ್ಲಿ ತೆಗೆದು, ಮಧ್ಯಾಹ್ನವೇ ಅದೇ ಗುಡಿಸಲುಗಳಿಗೆ ಒಯ್ದೆವು. ಅಜ್ಜಿ ಮುಚ್ಚಳ ತೆಗೆದರು. ಅನ್ನದಿಂದ ಹಬೆ ಏಳುತ್ತಿತ್ತು. ಅವರು ಮೊಮ್ಮಕ್ಕಳನ್ನು ಕೂಗಿ ಕರೆದರು.

ವಿದ್ಯಾರ್ಥಿ ಮಿತ್ರರೇ, ಮಹಾಪುರುಷರ ಜಯಂತಿಗಳನ್ನು ಆಚರಿಸುವುದು ಸುಲಭ. ಅವರು ನಡೆದ ದಾರಿಯಲ್ಲಿ ಒಂದು ಹೆಜ್ಜೆಯನ್ನಾದರೂ ಇಡುವುದು ಕಷ್ಟ. ಅನ್ನ ಬಿಸಿಯಿರುವಾಗಲೇ ಆ ಹೆಜ್ಜೆಯನ್ನು ಇಡೋಣ.