ಬೀಗ ಮಾಡುವವರ ಮಗ ಓಮ್

ವಿ ಈಕ್ವಲ್ಸ್ ಐಆರ್. ಇದನ್ನ ಬಾಯಿಪಾಠ ಮಾಡದೆ ನಾವ್ಯಾರೂ ಇಂಜಿನಿಯರಿಂಗ್‌ವರೆಗೆ ಬಂದಿಲ್ಲ. ಆದರೆ ಈ ಸೂತ್ರ ಕೊಟ್ಟವರ ಬಗ್ಗೆ ಕೇಳಿದ್ರೆ ಹೆಸರು ಬಿಟ್ಟು ಬೇರೇನೂ ಹೇಳೋಕೆ ಬರಲ್ಲ, ಅಲ್ವಾ?

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗನ್ ಎಂಬ ಊರಲ್ಲಿ. ತಂದೆಯದು ಬೀಗ ಮಾಡುವ ಕಸುಬು. ತಾಯಿ ದರ್ಜಿಯೊಬ್ಬರ ಮಗಳು. ಓಮ್‌ಗೆ ಹತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ತಂದೆ ತಾವೇ ಓದಿ ಗಣಿತ, ವಿಜ್ಞಾನ ಕಲಿತವರು. ಅದನ್ನೇ ಓಮ್‌ಗೂ ತಮ್ಮ ಮಾರ್ಟಿನ್‌ಗೂ ಮನೆಯಲ್ಲಿ ಹೇಳಿಕೊಟ್ಟರು. ಮಾರ್ಟಿನ್ ಮುಂದೆ ಗಣಿತಜ್ಞರಾದರು.

1805ರಲ್ಲಿ ಯೂನಿವರ್ಸಿಟಿ ಸೇರಿದ ಓಮ್‌ಗೆ ಪಾಠಕ್ಕಿಂತ ಡ್ಯಾನ್ಸ್, ಬಿಲಿಯರ್ಡ್ಸ್, ಐಸ್ ಸ್ಕೇಟಿಂಗ್ ಹೆಚ್ಚು ಇಷ್ಟವಾಯ್ತು. (ನಮ್ಮಲ್ಲಿ ಕೆಲವರಿಗೆ ಸಮಾಧಾನ ಆಗಿರಬಹುದು!) ತಂದೆ ಸಿಟ್ಟಾಗಿ ಮೂರೇ ಸೆಮಿಸ್ಟರ್‌ಗೆ ಓದು ಬಿಡಿಸಿದರು. ಓಮ್ ಸ್ವಿಟ್ಜರ್ಲೆಂಡ್‌ಗೆ ಹೋಗಿ ಗಣಿತದ ಮೇಷ್ಟ್ರಾದರು. ಅಲ್ಲಿದ್ದುಕೊಂಡೇ ಸ್ವಂತವಾಗಿ ಓದಿ, ವಾಪಸ್ ಬಂದು 1811ರಲ್ಲಿ ಡಾಕ್ಟರೇಟ್ ಪಡೆದರು.

1817ರಲ್ಲಿ ಕೊಲೋನ್ ನಗರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಒಳ್ಳೆಯ ಲ್ಯಾಬ್ ಇತ್ತು. ಉದ್ದ ಬೇರೆ ಬೇರೆ ಇರೋ ತಂತಿಗಳಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಅಳೆಯೋಕೆ ಶುರು ಮಾಡಿದರು. ಆಗಿನ ಬ್ಯಾಟರಿಗಳ ವೋಲ್ಟೇಜ್ ನಿಲ್ಲುತ್ತಲೇ ಇರಲಿಲ್ಲ, ಹಾಗಾಗಿ 1825ರಲ್ಲಿ ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು. ಆಗ ಪೋಗೆನ್‌ಡಾರ್ಫ್ ಎಂಬ ವಿಜ್ಞಾನಿ ಥರ್ಮೋಕಪಲ್ ಬಳಸಲು ಸಲಹೆ ಕೊಟ್ಟರು. ಬಿಸ್ಮತ್ ಮತ್ತು ತಾಮ್ರದ ಒಂದು ಜೋಡಣೆ ಕುದಿಯುವ ನೀರಲ್ಲಿ, ಇನ್ನೊಂದು ಐಸ್‌ನಲ್ಲಿ. ವೋಲ್ಟೇಜ್ ಸ್ಥಿರವಾಗಿ ನಿಂತಿತು. 1826ರಲ್ಲಿ ಸರಿಯಾದ ನಿಯಮ ಸಿಕ್ಕೇಬಿಟ್ಟಿತು.

ಓಮ್ ಅರ್ಧ ಸಂಬಳದ ಮೇಲೆ ರಜೆ ಹಾಕಿ ಬರ್ಲಿನ್‌ಗೆ ಹೋಗಿ, 1827ರಲ್ಲಿ ಪುಸ್ತಕ ತಂದರು. ಇದರಿಂದ ಯೂನಿವರ್ಸಿಟಿಯಲ್ಲಿ ಕೆಲಸ ಸಿಗುತ್ತೆ ಅನ್ನೋ ಆಸೆ ಇತ್ತು. ಆದರೆ ಭೌತಶಾಸ್ತ್ರಕ್ಕೆ ಇಷ್ಟೊಂದು ಗಣಿತ ಯಾಕೆ ಅನ್ನುವವರೇ ಅಲ್ಲಿ ಜಾಸ್ತಿ. ಕೆಲವರು ಕಟುವಾಗಿ ಟೀಕಿಸಿದರು. ಮನನೊಂದ ಓಮ್ 1828ರಲ್ಲಿ ಕೊಲೋನ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬರ್ಲಿನ್ ಶಾಲೆಗಳಲ್ಲಿ ಪಾಠ ಹೇಳಿ ದಿನ ದೂಡಿದರು. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಸೇರಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಬಯಸಿದ್ದ ಪ್ರೊಫೆಸರ್ ಹುದ್ದೆ ಮ್ಯೂನಿಕ್‌ನಲ್ಲಿ ಪೂರ್ತಿಯಾಗಿ ಸಿಕ್ಕಾಗ 1852. ಎರಡೇ ವರ್ಷಕ್ಕೆ, 1854ರ ಜುಲೈ 6ರಂದು ತೀರಿಕೊಂಡರು. 1881ರ ಪ್ಯಾರಿಸ್ ಸಮ್ಮೇಳನದಲ್ಲಿ ರೆಸಿಸ್ಟೆನ್ಸ್‌ನ ಅಳತೆಗೆ ಅವರ ಹೆಸರೇ ನಿಂತಿತು.

ಬೀಗದ ಮನೆಯ ಈ ಹುಡುಗನ ನಿಯಮ ಇವತ್ತು ಮನೆ ಕಾಯ್ತಿದೆ. ಕಳ್ಳರ ಅಲಾರಂ ನೋಡಿ. ಬಾಗಿಲು, ಕಿಟಕಿಗಳ ಸ್ವಿಚ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿ, ಕೊನೆಯ ಸ್ವಿಚ್ ಹತ್ತಿರ ಒಂದು ರೆಸಿಸ್ಟರ್ ಹಾಕ್ತಾರೆ. ಅದು 5.6 ಕಿಲೋ ಓಮ್ ಅಂದ್ಕೊಳ್ಳಿ (ಹಸಿರು, ನೀಲಿ, ಕೆಂಪು ಪಟ್ಟಿ). ಪ್ಯಾನೆಲ್ ಒಳಗೂ ಅಷ್ಟೇ ಬೆಲೆಯ ರೆಸಿಸ್ಟರ್, ಸಪ್ಲೈ 12 ವೋಲ್ಟ್. ಎಲ್ಲ ಮುಚ್ಚಿದ್ದಾಗ ಪ್ಯಾನೆಲ್‌ನ ತುದಿಗಳಲ್ಲಿ 6 ವೋಲ್ಟ್. ಬಾಗಿಲು ತೆರೆದರೆ, ಇಲ್ಲಾ ವೈರ್ ಕತ್ತರಿಸಿದರೆ 12. ಎರಡು ವೈರ್‌ಗಳನ್ನು ಸೇರಿಸಿ ಶಾರ್ಟ್ ಮಾಡಿದರೆ ಸೊನ್ನೆ. ಕಳ್ಳ ಏನೇ ಮಾಡಿದ್ರೂ 6 ಹೋಗುತ್ತೆ, ಅಲಾರಂ ಕೂಗುತ್ತೆ.

ಅದೇ ರೆಸಿಸ್ಟರನ್ನ ಸುಲಭ ಅಂತ ಪ್ಯಾನೆಲ್ ಡಬ್ಬದೊಳಗೇ ಹಾಕಿದರೆ? ಹೊರಗೆ ವೈರ್ ಶಾರ್ಟ್ ಆದರೂ ಪ್ಯಾನೆಲ್‌ಗೆ 6 ವೋಲ್ಟೇ ಕಾಣ್ತಿರುತ್ತೆ. ಆಮೇಲೆ ಬಾಗಿಲು ತೆರೆದರೂ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಮನೆಗೆ ಅಲಾರಂ ಹಾಕಿಸುವವರು ಎರಡು ವಿಷಯ ನೋಡ್ಕೊಳ್ಳಿ: ರೆಸಿಸ್ಟರ್ ಬೆಲೆ ಪ್ಯಾನೆಲ್ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಇದೆಯಾ, ಅದು ವೈರಿನ ಕೊನೆಯಲ್ಲೇ ಇದೆಯಾ.